ತೆರಿಗೆಗೆ ಕನ್ನಡಿಗ ಬೇಕು, ನೋಟಿಸಿಗೆ ಕನ್ನಡ ಬೇಡವೇ?

ಕನ್ನಡದ ತರುಣ ಗೆಳೆಯರೇ,

ನಿಮ್ಮ ಬೀದಿಯ ಮೂಲೆಯಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿ ಇದ್ದೇ ಇರುತ್ತದೆ. ಅದರ ಮುಂದೆ ನಿಂತು ಬೈಟೂ ಟೀ ಕುಡಿಯುತ್ತಾ ನೀವು ಕಾವೇರಿ ಬಗ್ಗೆ, ಮೆಟ್ರೋದಲ್ಲಿ ಹಿಂದಿ ಬಗ್ಗೆ, ಬ್ಯಾಂಕಿನಲ್ಲಿ ಕನ್ನಡ ಬಾರದ ಮ್ಯಾನೇಜರ್ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೀರಿ. ಒಳ್ಳೆಯದೇ, ಮಾತಾಡಬೇಕು. ಆದರೆ 2025ರ ಜುಲೈನಲ್ಲಿ ಬೆಂಗಳೂರಿನ ಅಂಥ ಎಷ್ಟೋ ಅಂಗಡಿಯವರು ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡ್ ಕಿತ್ತುಹಾಕಿ, 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ರಟ್ಟಿನ ಮೇಲೆ ಬರೆದು ನೇತುಹಾಕಿದರಲ್ಲ, ಆಗ ನೀವೇನು ಮಾಡಿದಿರಿ? 'ಅಣ್ಣಾ, ಚಿಲ್ಲರೆ ಇಲ್ಲ' ಅಂತ ಗೊಣಗಿ, ಮೊಬೈಲ್ ತೆಗೆದು ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಕಂಪನಿಗೆ ಆರ್ಡರ್ ಮಾಡಿದಿರಿ!

ಆ ಅಣ್ಣ ಯಾಕೆ ಕ್ಯೂಆರ್ ಕೋಡ್ ಕಿತ್ತ ಅಂತ ಎಷ್ಟು ಜನ ಕೇಳಿದಿರಿ? ತೆರಿಗೆ ವಿಷಯ ಅಂದರೆ ನಮ್ಮ ಹುಡುಗರಿಗೆ ಆಕಳಿಕೆ. ಅದು ಆಡಿಟರ್ ನೋಡಿಕೊಳ್ಳುವ ಕೆಲಸ, ಕನ್ನಡಕ್ಕೂ ಅದಕ್ಕೂ ಏನು ಸಂಬಂಧ ಅನ್ನುತ್ತಾರೆ. ಸಂಬಂಧ ಏನು ಅಂತ ಹೇಳುವುದಕ್ಕೇ ಈ ಲೇಖನ. ನಾನು ಪಿಯುಸಿ ಓದಿದವನು, ಅಚ್ಚುಕೂಟ ನಡೆಸುವವನು. ಕಾಯ್ದೆ ಪಂಡಿತ ಅಲ್ಲ. ಆದರೆ ಬಿಲ್ ಬುಕ್ ಅಚ್ಚು ಹಾಕಿಸಲು ಬರುವ ನೂರಾರು ಸಣ್ಣ ವ್ಯಾಪಾರಿಗಳ ಮುಖ ನೋಡಿದ್ದೇನೆ. ನಾನೇ ಜಿಎಸ್‌ಟಿ ಕಟ್ಟುವವನು. ಇದರ ಬಿಸಿ ಗೊತ್ತು.

ಆ ಜುಲೈನಲ್ಲಿ ನಡೆದದ್ದು ಇಷ್ಟು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಲೆಕ್ಕ ತರಿಸಿಕೊಂಡಿತು. ಯಾರ ಖಾತೆಗೆ ವರ್ಷಕ್ಕೆ ಎಷ್ಟು ದುಡ್ಡು ಬಿದ್ದಿದೆ ಅಂತ ನೋಡಿತು. 2021-22ರಿಂದ ಶುರುಮಾಡಿ ಕೆಲವು ವರ್ಷಗಳದ್ದನ್ನು ಒಟ್ಟು ಸೇರಿಸಿ, ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿಯವರು, ಹಾಲು ಮಾರುವವರು, ತಿಂಡಿ ಗಾಡಿಯವರು, ಹೂವಿನವರು. ಉತ್ತರ ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ಕಟ್ಟು ಅಂತ ಬಂದ ನೋಟಿಸ್ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ತರಕಾರಿಗೆ! ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನುವುದು ಪಡ್ಡೆ ಹುಡುಗನಿಗೂ ಗೊತ್ತು. ನೋಟಿಸ್ ಕಳಿಸಿದ ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ವ್ಯಾಪಾರಿಗಳು ಸಿಡಿದೆದ್ದರು. ಜುಲೈ 25ಕ್ಕೆ ಬಂದ್ ಅಂದರು. 23ರಂದು ಆಗಿನ ಮುಖ್ಯಮಂತ್ರಿ, ಹಣಕಾಸು ಖಾತೆಯನ್ನೂ ತಮ್ಮ ಬಳಿಯೇ ಇಟ್ಟುಕೊಂಡಿದ್ದ ಸಿದ್ದರಾಮಯ್ಯನವರು ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಕಾಯ್ದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು ಅಂದರು. ಬಂದ್ ನಿಂತಿತು. ಪತ್ರಿಕೆಗಳು ಬೇರೆ ಸುದ್ದಿಗೆ ಹೋದವು. ಕೇಂದ್ರದವರು ಇದು ರಾಜ್ಯದವರ ಕೆಲಸ ಅಂದರು, ರಾಜ್ಯದವರು ಜಿಎಸ್‌ಟಿ ಕೇಂದ್ರದವರ ಕೂಸು ಅಂದರು. ಕೂಸು ಯಾರದ್ದಾದರೇನು, ಹೊರುವವನು ಬೀದಿ ಮೂಲೆಯ ಅಣ್ಣ.

ನೋಟಿಸ್ ಹಿಂದಕ್ಕೆ ಹೋಯಿತು, ಸರಿ. ಆದರೆ ನೋಟಿಸ್ ಬರುವುದಕ್ಕೆ ಕಾರಣವಾದದ್ದು ಹೋಯಿತೇ? ಇಲ್ಲ! ಅದು ಹಾಗೇ ಕೂತಿದೆ. ಅದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಎರಡು ಲೆಕ್ಕ ಬರುತ್ತವೆ, ಎಸ್‌ಎಸ್‌ಎಲ್‌ಸಿ ಲೆಕ್ಕಕ್ಕಿಂತ ಸುಲಭ.

ಸರಕು ಮಾತ್ರ ಮಾರುವವನು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವನಿಗೆ ಮಿತಿ 20 ಲಕ್ಷ. 40 ಲಕ್ಷ ಅಂದ ಕೂಡಲೇ ನೀವು ಶ್ರೀಮಂತ ಅಂದುಕೊಳ್ಳುತ್ತೀರಿ. 365ರಿಂದ ಭಾಗಿಸಿ. ದಿನಕ್ಕೆ 11 ಸಾವಿರ ರೂಪಾಯಿಯೂ ಆಗುವುದಿಲ್ಲ. ಇದು ಲಾಭವಲ್ಲ, ಗಲ್ಲಾಪೆಟ್ಟಿಗೆಗೆ ಬಂದು ಹೋಗುವ ದುಡ್ಡು. ಬೆಳಗ್ಗೆ ಐದಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುವ, ಹಾಲು, ಬ್ರೆಡ್, ಸಿಗರೇಟು, ಬಿಸ್ಕತ್ತು ಮಾರುವ ಬೆಂಗಳೂರಿನ ಅಂಗಡಿಗೆ ದಿನಕ್ಕೆ 11 ಸಾವಿರ ದೊಡ್ಡ ಮಾತಲ್ಲ. ಒಂದು ಪ್ಯಾಕೆಟ್ ಹಾಲಿನಲ್ಲಿ ಅವನಿಗೆ ಉಳಿಯುವುದು ಚಿಲ್ಲರೆ ಕಾಸು.

ಇನ್ನು ಕೇಳಿ ಮಜಾ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರಿದರೆ, ಅಂದರೆ ಬರೀ ಹಾಲು, ಬರೀ ತರಕಾರಿ, ನೋಂದಣಿಯೇ ಬೇಡ. ಕೋಟಿ ದಾಟಿದರೂ ಬೇಡ. ಆದರೆ ಅದರ ಪಕ್ಕದಲ್ಲಿ ನಾಲ್ಕು ಬಿಸ್ಕತ್ತು ಪೊಟ್ಟಣ ಇಟ್ಟನೋ, ಆಗ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ! 30 ಲಕ್ಷದ ಹಾಲು-ಬ್ರೆಡ್ಡು, 11 ಲಕ್ಷದ ಬಿಸ್ಕತ್ತು-ಚಿಪ್ಸು ಮಾರಿದವನ ವಹಿವಾಟು 41 ಲಕ್ಷ. ಅವನು ಮಿತಿ ದಾಟಿದ. ತೆರಿಗೆ ಬೀಳುವುದು 11 ಲಕ್ಷದ ಮೇಲೆ ಮಾತ್ರ, ಆದರೆ ನೋಂದಣಿ ಮಾಡಿಸಬೇಕಾದ್ದು 41 ಲಕ್ಷದ ಲೆಕ್ಕದಲ್ಲಿ. ಇದನ್ನು ಅವನಿಗೆ ಯಾರು ಹೇಳಿದರು? ಯಾವ ಭಾಷೆಯಲ್ಲಿ ಹೇಳಿದರು? ಮೇಲಾಗಿ ಅವನ ಮೊಬೈಲ್ ನಂಬರಿಗೆ ಬಿದ್ದದ್ದೆಲ್ಲ ವ್ಯಾಪಾರದ ದುಡ್ಡೇ? ಮಗಳು ಕಳಿಸಿದ್ದು, ಚೀಟಿ ಎತ್ತಿದ್ದು, ಬಾಮೈದನ ಕೈಸಾಲ ಎಲ್ಲಾ ಅದೇ ಖಾತೆಗೇ ಬರುತ್ತದೆ.

ಎರಡನೆಯ ಲೆಕ್ಕ ಇನ್ನೂ ಹೊಟ್ಟೆ ಉರಿಸುತ್ತದೆ. ಸಣ್ಣ ವ್ಯಾಪಾರಿಗಳಿಗಾಗಿಯೇ ಜಿಎಸ್‌ಟಿಯಲ್ಲಿ ರಾಜಿ ತೆರಿಗೆ ಪದ್ಧತಿ ಅಂತ ಒಂದಿದೆ. ಇಂಗ್ಲಿಷಿನವರು ಕಾಂಪೊಸಿಷನ್ ಅನ್ನುತ್ತಾರೆ. ಒಂದೂವರೆ ಕೋಟಿ ವಹಿವಾಟಿನವರೆಗೆ ಸರಕಿನ ವ್ಯಾಪಾರಿ ಶೇಕಡ 1ರಷ್ಟು ಕಟ್ಟಿದರೆ ಸಾಕು. ಮೂರು ತಿಂಗಳಿಗೊಮ್ಮೆ ಕಟ್ಟಬಹುದು. ಗಿರಾಕಿಯ ಹತ್ತಿರ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ತಾನು ಕೊಂಡ ಸರಕಿನ ತೆರಿಗೆಯನ್ನು ಮುರಿದುಕೊಳ್ಳುವ ಹಾಗಿಲ್ಲ, ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ. ಮೂಲೆ ಅಂಗಡಿಯವನಿಗೆ ಇದಕ್ಕಿಂತ ಬೇರೇನು ಬೇಕು? ತೆರಿಗೆ ಬೀಳುವ 50 ಲಕ್ಷದ ಸರಕು ಮಾರಿದವನು ಈ ಪದ್ಧತಿಯಲ್ಲಿದ್ದರೆ ವರ್ಷಕ್ಕೆ 50 ಸಾವಿರ ಕಟ್ಟುತ್ತಿದ್ದ. ಇಲ್ಲದಿದ್ದರೆ? ಅದೇ 50 ಲಕ್ಷಕ್ಕೆ 18ರ ದರದಲ್ಲಿ 9 ಲಕ್ಷ. ಮೇಲೆ ವರ್ಷಕ್ಕೆ ಶೇಕಡ 18 ಬಡ್ಡಿ. ಮೇಲೆ ದಂಡ. ರಾಜಿ ಪದ್ಧತಿಯನ್ನು ಹಿಂದಿನ ವರ್ಷಗಳಿಗೆ ಈಗ ಕೂತು ಆಯ್ದುಕೊಳ್ಳುವ ಹಾಗಿಲ್ಲ. ಮೊದಲೇ ಅರ್ಜಿ ಹಾಕಿರಬೇಕು. ಮೊದಲೇ ಗೊತ್ತಿರಬೇಕು!

50 ಸಾವಿರಕ್ಕೂ 9 ಲಕ್ಷಕ್ಕೂ ನಡುವೆ ಇರುವುದು ಕಳ್ಳತನವಲ್ಲ ಗೆಳೆಯರೇ. ಒಂದು ಹಾಳೆ ಕನ್ನಡ. ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿದರೆ ಒಂದು ರೂಪಾಯಿಯೂ ಬೀಳದ ಒಂದು ಕರಪತ್ರ.

'ಕಾಯ್ದೆ ಗೊತ್ತಿಲ್ಲ ಅನ್ನುವುದು ನೆಪವಲ್ಲ'

ಹೀಗೆ ಹೇಳುವ ಮಹಾಶಯರಿದ್ದಾರೆ. ಕಾನೂನು ಗೊತ್ತಿಲ್ಲ ಅಂದರೆ ಕೋರ್ಟು ಒಪ್ಪುವುದಿಲ್ಲ, ವ್ಯಾಪಾರಕ್ಕೆ ಇಳಿದವನು ತಿಳಿದುಕೊಂಡೇ ಇಳಿಯಬೇಕು ಅನ್ನುತ್ತಾರೆ. ಒಪ್ಪೋಣ ಸ್ವಾಮಿ. ಹಾಗಾದರೆ ಅವನಿಗೆ ತಿಳಿಯುವ ಹಾಗೆ ಹೇಳಿದ್ದೀರಾ? ಬಾಗಿಲಿಗೆ ಬೀಗ ಹಾಕಿ, ಒಳಗೆ ಯಾಕೆ ಬರಲಿಲ್ಲ ಅಂತ ಕೇಳುವುದು ಯಾವ ನ್ಯಾಯ? 2025ರಲ್ಲಿ ಇಲಾಖೆ ಜಿಎಸ್‌ಟಿ ಬಗ್ಗೆ ಅರಿವು ಮೂಡಿಸುವ ಸಭೆಗಳನ್ನು ಮಾಡಿತು. ನೋಟಿಸ್ ಹೋಗಿ, ಗಲಾಟೆ ಆದ ಮೇಲೆ! ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಎಂಟು ವರ್ಷ ಏನು ಮಾಡುತ್ತಿದ್ದಿರಿ?

ನನ್ನ ಹತ್ತಿರ ಬಿಲ್ ಬುಕ್ಕಿಗೆ ಬರುವವರದ್ದು ಒಂದು ಉದಾಹರಣೆ ಕೊಡುತ್ತೇನೆ. ರಾಜಿ ಪದ್ಧತಿಯಲ್ಲಿರುವವನು ತನ್ನ ಬಿಲ್ಲಿನ ತಲೆಯ ಮೇಲೆ, ತಾನು ಆ ಪದ್ಧತಿಯವನು, ಗಿರಾಕಿಯಿಂದ ತೆರಿಗೆ ವಸೂಲಿ ಮಾಡಲು ಅರ್ಹನಲ್ಲ ಅನ್ನುವ ಒಂದು ಸಾಲನ್ನು ಅಚ್ಚು ಹಾಕಿಸಬೇಕು. ಅಂಗಡಿಯ ಫಲಕದಲ್ಲೂ ಹಾಗೆಂದು ಬರೆಸಬೇಕು. ನಿಯಮ ಆ ಮಾತನ್ನು ಇಂಗ್ಲಿಷಿನಲ್ಲಿ ಕೊಟ್ಟಿದೆ, ಎಲ್ಲರೂ ಇಂಗ್ಲಿಷಿನಲ್ಲೇ ಹಾಕಿಸುತ್ತಾರೆ. ಬರುವ ಹತ್ತು ಜನರಲ್ಲಿ ಎಂಟು ಜನ ಆಡಿಟರ್ ಬರೆದುಕೊಟ್ಟ ಚೀಟಿ ಹಿಡಿದು, 'ಸಾರ್, ಇದನ್ನು ಹಾಗೇ ಹಾಕಿಬಿಡಿ' ಅನ್ನುತ್ತಾರೆ. 'ಏನು ಬರೆದಿದೆ ಗೊತ್ತಾ ಅಣ್ಣ' ಅಂದರೆ ನಗುತ್ತಾರೆ. ತನ್ನ ಬಿಲ್ಲಿನ ಮೇಲೆ ತನ್ನ ಬಗ್ಗೆಯೇ ಏನು ಬರೆದಿದೆ ಅಂತ ತನಗೇ ಗೊತ್ತಿಲ್ಲದ ವ್ಯಾಪಾರಿ! ಇನ್ನು ಗಿರಾಕಿಗೆ ಹೇಗೆ ಗೊತ್ತಾಗಬೇಕು? ತೆರಿಗೆ ವಸೂಲಿ ಮಾಡಬಾರದವನು ವಸೂಲಿ ಮಾಡಿದರೂ ಕೇಳುವವರಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಅಂಗಡಿ ಫಲಕದಲ್ಲಿ ಶೇಕಡ 60 ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದರು. ಅದಕ್ಕಾಗಿ ನಮ್ಮ ಹುಡುಗರು 2023ರ ಡಿಸೆಂಬರಿನಲ್ಲಿ ಬೀದಿಗಿಳಿದರು, ಲಾಠಿ ಏಟು ತಿಂದರು, ಜೈಲಿಗೂ ಹೋದರು. ಸರಿಯಾದ ಕಾಯ್ದೆ, ನಾನೂ ಬೆಂಬಲಿಸುತ್ತೇನೆ. ಆದರೆ ಅಂಗಡಿಯವನು ಸರ್ಕಾರಕ್ಕೆ ತೋರಿಸಬೇಕಾದ ಮುಖಕ್ಕೆ ಕನ್ನಡ ಕಡ್ಡಾಯ, ಸರ್ಕಾರ ಅಂಗಡಿಯವನಿಗೆ ತೋರಿಸುವ ಮುಖಕ್ಕೆ ಕನ್ನಡ ಐಚ್ಛಿಕವೇ? ಅವನ ಫಲಕ ಅಳೆಯಲು ಟೇಪು ಹಿಡಿದು ಬರುತ್ತೀರಿ. ನಿಮ್ಮ ನೋಟಿಸನ್ನು ಅಳೆಯುವವರು ಯಾರು?

ನನಗೂ ಒಮ್ಮೆ ಬಂದಿತ್ತು. ಎರಡು ರಿಟರ್ನ್‌ಗಳ ಲೆಕ್ಕಕ್ಕೆ ತಾಳೆ ಇಲ್ಲ, ವಿವರಣೆ ಕೊಡು ಅಂತ ಒಂದು ಕಚೇರಿಯಿಂದ. ಅಂಚೆಯಲ್ಲಿ ಬರಲಿಲ್ಲ, ಪೋರ್ಟಲ್‌ನಲ್ಲಿ ಹಾಕಿ ಕೂತಿದ್ದರು. ಪೋರ್ಟಲ್‌ನಲ್ಲಿ ಹಾಕಿದರೆ ತಲುಪಿಸಿದ ಹಾಗೇ ಲೆಕ್ಕ ಅಂತ ಕಾಯ್ದೆಯ 169ನೇ ಕಲಮಿನಲ್ಲಿ ಬರೆದುಕೊಂಡಿದ್ದಾರೆ. ಮೂರು ಪುಟ, ಪೂರಾ ಇಂಗ್ಲಿಷ್. ಕಚೇರಿಗೆ ಹೋಗಿ ಕನ್ನಡದಲ್ಲಿ ಕೊಡಿ ಅಂದೆ. ಮೇಜಿನ ಆಚೆ ಕೂತಿದ್ದವರು ನಮ್ಮ ಮಂಡ್ಯದ ಕಡೆಯವರೇ, ಒಳ್ಳೆಯ ಕನ್ನಡದಲ್ಲೇ ಹೇಳಿದರು: 'ಸಿಸ್ಟಂನಲ್ಲಿ ಬರೋದೇ ಹಾಗೆ, ನಾವೇನು ಮಾಡೋಕಾಗುತ್ತೆ?' ಸಿಸ್ಟಂ! ಈ ಸಿಸ್ಟಂ ಅನ್ನುವವನನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಎಲ್ಲಾ ಕಚೇರಿಯಲ್ಲೂ ಅವನದ್ದೇ ಹೆಸರು, ಎಲ್ಲಿಯೂ ಅವನಿಗೆ ಕುರ್ಚಿ ಇಲ್ಲ.

ದಿಲ್ಲಿಗೆ ಒಂದು ಘೋಷಣೆ, ಮನೆಗೆ ಇನ್ನೊಂದು

2024ರ ಫೆಬ್ರವರಿ 7. ಕರ್ನಾಟಕದ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಮಂತ್ರಿಗಳು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. 'ನನ್ನ ತೆರಿಗೆ, ನನ್ನ ಹಕ್ಕು' ಅನ್ನುವುದು ಘೋಷಣೆ. ನ್ಯಾಯವಾದ ಘೋಷಣೆಯೇ. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇಕಡ 4.713 ಇತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಜಿಎಸ್‌ಟಿ ಬಂದಾಗ ಕೊಡುತ್ತೇವೆ ಅಂದಿದ್ದ ನಷ್ಟ ಪರಿಹಾರವೂ 2022ರ ಜೂನ್ ತಿಂಗಳಿಗೆ ನಿಂತಿತು. ಯಾವ ಕನ್ನಡಿಗನಿಗೆ ಸಿಟ್ಟು ಬರುವುದಿಲ್ಲ?

ಆದರೆ ಆ ತೆರಿಗೆ ಆಕಾಶದಿಂದ ಉದುರಿದ್ದಲ್ಲ. ಅದರಲ್ಲಿ ಮೂಲೆ ಅಂಗಡಿಯವನ ಬೆವರಿದೆ. ದಿಲ್ಲಿಯಲ್ಲಿ ನಿಂತು 'ನನ್ನ ತೆರಿಗೆ ನನ್ನ ಹಕ್ಕು' ಅಂದವರಿಗೆ, ಬೆಂಗಳೂರಿನಲ್ಲಿ ನಿಂತು ಆ ಅಣ್ಣ 'ನನ್ನ ತೆರಿಗೆ, ನನ್ನ ಭಾಷೆ' ಅಂದರೆ ಕಿವಿ ಯಾಕೆ ಕೇಳಿಸುವುದಿಲ್ಲ?

ಸಿದ್ದರಾಮಯ್ಯನವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1983ರಲ್ಲಿ ಹೆಗಡೆಯವರ ಸರ್ಕಾರ ಕನ್ನಡ ಕಾವಲು ಸಮಿತಿ ಮಾಡಿದಾಗ ಅದರ ಮೊದಲ ಅಧ್ಯಕ್ಷರು ಇವರೇ. ಕಚೇರಿ ಕಚೇರಿಗೆ ಹೋಗಿ ಕಡತ ಕನ್ನಡದಲ್ಲಿದೆಯೇ ಅಂತ ನೋಡುವುದೇ ಆ ಸಮಿತಿಯ ಕೆಲಸ. ಅಂಥವರ ಕೈಯಲ್ಲಿ ಹಣಕಾಸು ಖಾತೆ ಇದ್ದಾಗಲೇ ಈ ನೋಟಿಸುಗಳು ಹೊರಟವಲ್ಲ, ಕಾವಲುಗಾರ ಎಲ್ಲಿಗೆ ಹೋಗಿದ್ದ?

ಇನ್ನು ಕೇಂದ್ರದವರು. ನಿರ್ಮಲಾ ಸೀತಾರಾಮನ್ ಅವರು 2016ರಲ್ಲೂ 2022ರಲ್ಲೂ ರಾಜ್ಯಸಭೆಗೆ ಆಯ್ಕೆಯಾದದ್ದು ಕರ್ನಾಟಕದಿಂದ. ನಮ್ಮ ಶಾಸಕರ ಓಟಿನಿಂದ. ಅವರು ತಂದ ಹೊಸ ಆದಾಯ ತೆರಿಗೆ ಕಾಯ್ದೆ 2025ರ ಆಗಸ್ಟಿನಲ್ಲಿ ಲೋಕಸಭೆಯ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಪಾಸಾಯಿತು. 1961ರ ಹಳೆಯ ಕಾಯ್ದೆ ಹೋಗಿ 2026ರ ಏಪ್ರಿಲ್ 1ರಿಂದ ಹೊಸದು. 536 ಕಲಮು. ಸರಳ ಭಾಷೆಯಲ್ಲಿ ಬರೆದಿದ್ದೇವೆ, ಸಾಮಾನ್ಯನಿಗೂ ಅರ್ಥವಾಗುತ್ತದೆ ಅಂತ ಡಂಗುರ ಸಾರಿದರು. ಯಾವ ಭಾಷೆ ಸರಳ? ಸರಳ ಇಂಗ್ಲಿಷ್! ದಾವಣಗೆರೆಯ ಜೋಳದ ರೊಟ್ಟಿ ಮಾರುವ ಅಕ್ಕನಿಗೆ ಕಷ್ಟದ ಇಂಗ್ಲಿಷೂ ಒಂದೇ, ಸರಳ ಇಂಗ್ಲಿಷೂ ಒಂದೇ.

ಇದು ನಿಮಗೂ ತಗಲುವ ವಿಷಯ, ಬರೀ ಅಂಗಡಿಯವರದ್ದಲ್ಲ. 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂತ 2025ರ ಬಜೆಟ್ಟಿನ ಮರುದಿನ ಪತ್ರಿಕೆಗಳು ದೊಡ್ಡಕ್ಷರದಲ್ಲಿ ಹಾಕಿದವು. ನಮ್ಮ ಹುಡುಗರು ಅದನ್ನು ಓದಿ, ಹಾಗಾದರೆ ರಿಟರ್ನ್ ಹಾಕುವ ರಗಳೆಯೇ ಇಲ್ಲ ಅಂದುಕೊಂಡರು. ತಪ್ಪು! ಹೊಸ ಪದ್ಧತಿಯಲ್ಲಿ ಮೂಲ ಮಿತಿ 4 ಲಕ್ಷ. 12 ಲಕ್ಷದವರೆಗೆ ಸಿಗುವುದು ರಿಯಾಯಿತಿ. ಅದಕ್ಕೇ 4 ಲಕ್ಷ ದಾಟಿದವನು ತೆರಿಗೆ ಸೊನ್ನೆ ಬಂದರೂ ರಿಟರ್ನ್ ಹಾಕಬೇಕು. ಗಡುವು ತಪ್ಪಿದರೆ ತಡವಾದ ಶುಲ್ಕ, 5 ಲಕ್ಷದ ಮೇಲಿನವನಿಗೆ 5 ಸಾವಿರ. ಇನ್ನು ಗುತ್ತಿಗೆ ಕೆಲಸ, ಕಮಿಷನ್ ಕೆಲಸ ಮಾಡುವ ಎಷ್ಟೋ ಹುಡುಗರ ದುಡ್ಡಿನಲ್ಲಿ ಟಿಡಿಎಸ್ ಅಂತ ಮೊದಲೇ ಮುರಿದುಕೊಳ್ಳುತ್ತಾರೆ. ಆದಾಯ ಮಿತಿಯೊಳಗಿದ್ದರೆ ಆ ದುಡ್ಡು ಹುಡುಗನದ್ದು, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಹಾಕದಿದ್ದರೆ ಸರ್ಕಾರದ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತದೆ. ಬಿಸಿಲಲ್ಲಿ ಗಾಡಿ ಓಡಿಸಿದ ಹುಡುಗ ತನ್ನದೇ ದುಡ್ಡನ್ನು ಇಂಗ್ಲಿಷಿಗೆ ಹೆದರಿ ಬಿಟ್ಟುಕೊಡುತ್ತಿದ್ದಾನೆ.

ನನ್ನ ವೃತ್ತಿಯದ್ದೇ ಒಂದು ಮಾತು ಹೇಳುತ್ತೇನೆ. ದೊಡ್ಡ ಕಂಪನಿಗಳು ನಮ್ಮಂಥ ಪ್ರೆಸ್ಸುಗಳಿಗೆ ಆರು ತಿಂಗಳು ಬಿಲ್ ಕೊಡದೆ ಸತಾಯಿಸುವುದು ಹೊಸದಲ್ಲ. ಇದಕ್ಕೆ ಮದ್ದಾಗಿ 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಒಂದು ತಿದ್ದುಪಡಿ ಬಂತು, 2024ರ ಏಪ್ರಿಲ್‌ನಿಂದ ಅನ್ವಯ. ಅತಿ ಸಣ್ಣ, ಸಣ್ಣ ಉದ್ಯಮದಿಂದ ಸರಕು, ಸೇವೆ ಪಡೆದವನು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಕೊಡದಿದ್ದರೆ ನಿಜವಾಗಿ ಕೊಡುವ ವರ್ಷದವರೆಗೆ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ, ಅಂದರೆ ಅವನ ತೆರಿಗೆ ಏರುತ್ತದೆ. 2006ರ ಕಾಯ್ದೆಯ ಪ್ರಕಾರ ತಡವಾದ ದುಡ್ಡಿಗೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯೂ ಉಂಟು. ಒಳ್ಳೆಯ ಅಸ್ತ್ರ! ಆದರೆ ಉದ್ಯಮ್ ನೋಂದಣಿ ಇರಬೇಕು, ಅದರ ನಂಬರನ್ನು ಬಿಲ್ಲಿನ ಮೇಲೆ ಹಾಕಿದರೆ ಕೊಡುವವನಿಗೂ ನೆನಪಿರುತ್ತದೆ. ನಮ್ಮ ಏರಿಯಾದ ಬೈಂಡಿಂಗ್‌ನವರು, ಸ್ಕ್ರೀನ್ ಪ್ರಿಂಟಿಂಗ್‌ನವರು, ಡಬ್ಬ ಮಾಡುವವರು ಎಷ್ಟು ಜನಕ್ಕೆ ಗೊತ್ತು ಅಂತ ವಿಚಾರಿಸಿದೆ. ಬೆರಳೆಣಿಕೆ. ಹೊಡೆಯುವ ಕೋಲೂ ಇಂಗ್ಲಿಷಿನಲ್ಲಿದೆ, ಕಾಯುವ ಕೊಡೆಯೂ ಇಂಗ್ಲಿಷಿನಲ್ಲಿದೆ. ಕೋಲು ಹುಡುಕಿಕೊಂಡು ಬರುತ್ತದೆ. ಕೊಡೆಯನ್ನು ನಾವೇ ಹುಡುಕಬೇಕು.

ಕನ್ನಡ ಪುಸ್ತಕಕ್ಕೂ ಏಟು ಬಿದ್ದಿದೆ, ಅದನ್ನು ಹೇಳದೆ ಹೋದರೆ ಅಚ್ಚುಕೂಟದವನಾಗಿ ನನಗೆ ಊಟ ಸೇರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿಸಿದೆವು ಅಂತ ಹಬ್ಬ ಮಾಡಿದರು. ಶಾಲೆಯ ನೋಟ್ ಬುಕ್ಕಿಗೆ ತೆರಿಗೆ ತೆಗೆದರು, ಸಂತೋಷ. ಅದೇ ದಿನ ಅಚ್ಚಿನ ಕಾಗದದ ತೆರಿಗೆಯನ್ನು 12ರಿಂದ 18ಕ್ಕೆ ಏರಿಸಿದರು! ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇಲ್ಲ ಅನ್ನುವುದೇ ಇಲ್ಲಿ ಗಂಡಾಂತರ. ಮಾರುವ ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ಪ್ರಕಾಶಕ ತಾನು ಕಾಗದದ ಮೇಲೆ ಕಟ್ಟಿದ ತೆರಿಗೆಯನ್ನು ಎಲ್ಲಿಯೂ ಮುರಿದುಕೊಳ್ಳಲಾರ. ಅದು ಪೂರ್ತಿ ಅವನ ತಲೆಗೆ, ಅಲ್ಲಿಂದ ಓದುಗನ ಜೇಬಿಗೆ. ಸಾವಿರ ಪ್ರತಿ ಹಾಕಿ ಮೂರು ವರ್ಷ ಮಾರುವ ಕನ್ನಡ ಪ್ರಕಾಶಕನಿಗೆ ಇದು ಸಣ್ಣ ಹೊರೆಯಲ್ಲ. ಕನ್ನಡ ಉಳಿಸಿ ಅಂತ ನವೆಂಬರಿನಲ್ಲಿ ಭಾಷಣ ಮಾಡಿದವರಲ್ಲಿ ಎಷ್ಟು ಜನ ಇದರ ಬಗ್ಗೆ ಬಾಯಿ ಬಿಟ್ಟರು?

ಯಾವ ಕನ್ನಡ?

ಕನ್ನಡದಲ್ಲಿ ಕೊಡಿ ಅಂದರೆ ಇನ್ನೊಂದು ಅಪಾಯ ಇದೆ. ಸರ್ಕಾರದ ಕನ್ನಡವನ್ನು ನಾನು ವರ್ಷಗಟ್ಟಲೆ ಕಂಪೋಸ್ ಮಾಡಿದ್ದೇನೆ. 'ಪರಂತು', 'ತತ್ಕಾಲದಲ್ಲಿ ಜಾರಿಯಲ್ಲಿರುವ', 'ಉಪಬಂಧಗಳಿಗೊಳಪಟ್ಟು' ಅಂತ ಶುರುವಾದ ವಾಕ್ಯ ಮುಂದಿನ ಪುಟದಲ್ಲಿ ಮುಗಿಯುತ್ತದೆ. ಮುಗಿಯುವ ಹೊತ್ತಿಗೆ ಓದುವವನೂ ಮುಗಿದಿರುತ್ತಾನೆ. ಇದನ್ನು ಕೊಟ್ಟು, ನೋಡಿ ಕನ್ನಡದಲ್ಲೇ ಕೊಟ್ಟೆವು, ಆದರೂ ಜನ ಇಂಗ್ಲಿಷೇ ಕೇಳುತ್ತಾರೆ ಅಂತ ನಾಳೆ ಹೇಳುತ್ತಾರೆ. ಆ ಮೋಸಕ್ಕೆ ಬೀಳಬೇಡಿ. 'ನಿಮ್ಮ ಖಾತೆಗೆ ಈ ವರ್ಷ ಇಷ್ಟು ದುಡ್ಡು ಬಂದಿದೆ. ಇದರಲ್ಲಿ ತೆರಿಗೆ ಇಲ್ಲದ ಸರಕು ಎಷ್ಟು, ಸ್ವಂತ ದುಡ್ಡು ಎಷ್ಟು ಅಂತ ಇಂಥ ತಾರೀಖಿನೊಳಗೆ ಬರೆದು ತಿಳಿಸಿ.' ಇಷ್ಟು ಬರೆಯಲು ಯಾವ ಪಂಡಿತ ಬೇಕು? ಸಂತೆಯಲ್ಲಿ ಚೌಕಾಸಿ ಮಾಡುವ ಕನ್ನಡ ಸಾಕು.

ಸಂವಿಧಾನದ 348ನೇ ವಿಧಿ ಕಾಯ್ದೆಯ ಅಧಿಕೃತ ಪಾಠ ಇಂಗ್ಲಿಷಿನಲ್ಲಿರಬೇಕು ಅನ್ನುತ್ತದಲ್ಲ ಅಂತ ಕೆಲವು ವಕೀಲರು ಬಾಯಿ ಮುಚ್ಚಿಸಲು ಬರುತ್ತಾರೆ. ಅವರಿಗೆ 1973ರ ಕೇಂದ್ರ ಕಾಯ್ದೆಯನ್ನು ತೋರಿಸಿ. ಕೇಂದ್ರದ ಕಾನೂನುಗಳಿಗೆ ಪ್ರಾದೇಶಿಕ ಭಾಷೆಗಳಲ್ಲೂ ಅಧಿಕೃತ ಪಾಠ ಹೊರತರಲು ಅದರಲ್ಲಿ ದಾರಿ ಇದೆ. ಅರ್ಧ ಶತಮಾನ ಕಳೆದಿದೆ. ದಾರಿ ಇದ್ದೂ ನಡೆಯದವರು ಯಾರು? ಅಷ್ಟಕ್ಕೂ ನೋಟಿಸು, ಅರ್ಜಿ, ಕರಪತ್ರ ಇವೆಲ್ಲ ಕಾಯ್ದೆಯ ಪಾಠವಲ್ಲ. ಅವನ್ನು ಕನ್ನಡದಲ್ಲಿ ಕೊಡಬೇಡ ಅಂತ ಯಾವ ವಿಧಿಯೂ ಹೇಳಿಲ್ಲ.

ತೆರಿಗೆ ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಸ್ಪಷ್ಟವಾಗಿ ಬರೆದುಕೊಳ್ಳಿ. ರಾಜ್ಯದ ಪಾಲಿನ ಜಿಎಸ್‌ಟಿಯಿಂದಲೇ ಕನ್ನಡ ಶಾಲೆಯ ಮೇಷ್ಟ್ರಿಗೆ ಸಂಬಳ, ಸರ್ಕಾರಿ ಆಸ್ಪತ್ರೆಗೆ ಔಷಧಿ. ಕ್ಯೂಆರ್ ಕೋಡ್ ಕಿತ್ತು ಕ್ಯಾಶಿಗೆ ಓಡುವುದು ದಾರಿಯಲ್ಲ. ಲೆಕ್ಕವಿಲ್ಲದವನಿಗೆ ಬ್ಯಾಂಕಿನವನು ಸಾಲವನ್ನೂ ಕೊಡುವುದಿಲ್ಲ, ನಾಳೆ ಬಡ್ಡಿಯವನ ಮನೆ ಬಾಗಿಲೇ ಗತಿ. ಹೆದರಿ ಅಂಗಡಿ ಮುಚ್ಚಿದರೆ ಆ ಜಾಗಕ್ಕೆ ಬರುವವರು ಯಾರು ಅಂತ ನಿಮಗೇ ಗೊತ್ತು. ಅವರಿಗೆ ಇಂಗ್ಲಿಷ್ ಬಲ್ಲ ಲೆಕ್ಕಿಗರ ಒಂದು ಮಹಡಿಯೇ ಇದೆ.

ಫಲಕಕ್ಕೆ ಮಸಿ ಬಳಿಯಲು ಒಂದು ಮಧ್ಯಾಹ್ನ ಸಾಕು, ಫೋಟೋನೂ ಬರುತ್ತದೆ. ಇದಕ್ಕೆ ಫೋಟೋ ಬರುವುದಿಲ್ಲ, ಕೂತು ಓದಬೇಕು. ನಿಮ್ಮಲ್ಲಿ ಬಿಕಾಂ ಓದಿದವರಿದ್ದೀರಿ, ಸಿಎ ಕಚೇರಿಯಲ್ಲಿ ದುಡಿಯುವವರಿದ್ದೀರಿ, ಸಾಫ್ಟ್‌ವೇರ್ ಬರೆಯುವವರಿದ್ದೀರಿ. ಸಿಸ್ಟಂನಲ್ಲಿ ಬರೋದೇ ಹಾಗೆ ಅಂದವರಿಗೆ, ಬೇರೆ ಹಾಗೂ ಬರುತ್ತದೆ ಅಂತ ತೋರಿಸಬಲ್ಲವರು ನೀವೇ. ನಿಮ್ಮ ಬೀದಿಯ ಅಂಗಡಿಯವರನ್ನು ಹೋಗಿ ಕೇಳಿ: ಅಣ್ಣ, ವರ್ಷಕ್ಕೆ ಎಷ್ಟು ವ್ಯಾಪಾರ, ಹಾಲು-ತರಕಾರಿ ಎಷ್ಟು, ಉಳಿದದ್ದು ಎಷ್ಟು? ಸ್ವಂತ ದುಡ್ಡಿಗೆ ಒಂದು ಖಾತೆ, ಅಂಗಡಿಗೆ ಇನ್ನೊಂದು ಖಾತೆ ಮಾಡಿಸಿ. ಮಿತಿ ಹತ್ತಿರ ಬಂದಿದ್ದರೆ ರಾಜಿ ಪದ್ಧತಿಯ ಬಗ್ಗೆ ಹೇಳಿ.

ನೋಟಿಸ್ ಬಂದರೆ ಉತ್ತರವನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಪ್ರಕಾರ ತನ್ನ ಅಹವಾಲನ್ನು ಕೇಂದ್ರದ, ರಾಜ್ಯದ ಯಾವ ಅಧಿಕಾರಿಗಾದರೂ ಇಲ್ಲಿನ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಅವರು ಅದೇ ಭಾಷೆಯಲ್ಲಿ ಉತ್ತರಿಸಬೇಕು ಅಂತ ಆ ವಿಧಿ ಹೇಳುವುದಿಲ್ಲ, ನಿಜ. ಆದರೆ ಒಂದು ಕಚೇರಿಗೆ ಒಂದು ಕನ್ನಡ ಉತ್ತರ ಹೋದರೆ ಮೂಲೆಗೆ ಬೀಳುತ್ತದೆ. ಐನೂರು ಹೋದರೆ ಮೇಜು ತುಂಬುತ್ತದೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಮಾತ್ರ ಅಲ್ಲಿಂದ ಕದಲಬೇಡಿ. ಗಡುವಿನ ತಾರೀಖನ್ನೂ ದಾಟಿಸಬೇಡಿ, ಭಾಷೆಯ ಜಗಳದಲ್ಲಿ ಅಣ್ಣನ ಕೇಸು ಕೆಡಬಾರದು. ಪೋರ್ಟಲ್‌ನಲ್ಲಿ ತುಂಬಬೇಕಾದ್ದನ್ನು ತುಂಬಿ, ಜೊತೆಗೆ ಕನ್ನಡದ ಪತ್ರ ಲಗತ್ತಿಸಿ.

40 ಲಕ್ಷದ ಲೆಕ್ಕ, ರಾಜಿ ಪದ್ಧತಿ, 45 ದಿನದ ನಿಯಮ, ನೋಟಿಸಿಗೆ ಉತ್ತರದ ಒಂದು ಮಾದರಿ, ಇಷ್ಟನ್ನು ಎರಡೂ ಮಗ್ಗುಲಿಗೆ ಬರುವ ಹಾಗೆ ಒಂದು ಹಾಳೆಯಲ್ಲಿ ಕಂಪೋಸ್ ಮಾಡಿದ್ದೇನೆ. ತೆರಿಗೆ ಸಲಹೆಗಾರರೊಬ್ಬರಿಗೆ ತೋರಿಸಿ ತಿದ್ದಿಸಿದ್ದೇನೆ. ಮೊದಲ ಸಾವಿರ ಪ್ರತಿ ನನ್ನ ಖರ್ಚಿನಲ್ಲಿ, ಕಾಗದಕ್ಕೆ ಶೇಕಡ 18 ಕಟ್ಟಿಯೇ. ಈ ಪತ್ರಿಕೆ ಹಂಚುವ ಹುಡುಗರ ಕೈಯಲ್ಲಿ ಕಟ್ಟು ಇರುತ್ತದೆ. ಹತ್ತು ಪ್ರತಿಗಿಂತ ಹೆಚ್ಚು ಕೇಳುವವರು, ಯಾವ ಬೀದಿ, ಎಷ್ಟು ಅಂಗಡಿ ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ.